ಹಳೇ ಬೋರ್ಡ್ ಹೈಸ್ಕೂಲಿನ ಕಟ್ಟಡ: 9 ಫೋಟೋ, ಇಸವಿ ಹೇಗೆ ಹೇಳುವುದು? (ಚರ್ಚಾ ವೇದಿಕೆಯಿಂದ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಕಪಾಟು

ಕರಾವಳಿಯ ಒಂದು ಪೇಟೆಯ ಹಳೇ ಹೈಸ್ಕೂಲಿನ 9 ಫೋಟೋ ಹಾಕಿದ್ದೇನೆ. ಊರಿನ ಹೆಸರು ಬೇಕಂತಲೇ ಬಿಟ್ಟಿದ್ದೇನೆ, ಜಾಗದ ತಕರಾರು ಇನ್ನೂ ಮುಗಿದಿಲ್ಲ. ಮಿಷನ್ನಿನವರು ಶುರು ಮಾಡಿದ ಶಾಲೆ. ಆಮೇಲೆ ಡಿಸ್ಟ್ರಿಕ್ಟ್ ಬೋರ್ಡಿನ ಕೈಗೆ ಬಂತು, ಮತ್ತೆ ಸರಕಾರಿ ಜೂನಿಯರ್ ಕಾಲೇಜಾಯ್ತು, ಈಗ ಬೀಗ ಹಾಕಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ 7 ಕಿಟಕಿ-ಬಾಗಿಲು.

1. ದಪ್ಪ ರಟ್ಟಿಗೆ ಅಂಟಿಸಿದ ಕಂದು ಬಣ್ಣದ ತೆಳು ಫೋಟೋ, 6½×8½ ಇಂಚು. ಜಗಲಿ ಇಲ್ಲ. ಪಕ್ಕದಲ್ಲಿ ಮುಳಿಹುಲ್ಲಿನ ಕೊಟ್ಟಿಗೆಯಂಥದ್ದು.
2. ಗ್ರೂಪ್ ಫೋಟೋ. ಮುಂದಿನ ಸಾಲಿನ ಹುಡುಗನ ಕೈಯಲ್ಲಿ ಸ್ಲೇಟು, 1938-39.
3. ಪೋಸ್ಟ್ ಕಾರ್ಡ್. ಜಗಲಿ ಬಂದಿದೆ. ಗಂಟೆ (ರೈಲು ಕಂಬಿಯ ತುಂಡು) ಬಲಕ್ಕೆ ತೂಗಿದೆ.
4, 5, 6. ಚಿಕ್ಕ ಚೌಕ ಪ್ರಿಂಟು, ಸುತ್ತ ಬಿಳಿ ಅಂಚು. 5ರಲ್ಲಿ ಗಂಟೆ ಎಡಕ್ಕಿದೆ!
7. ಕಲರ್, ಪೂರ್ತಿ ಕೆಂಪಗಾಗಿದೆ.
8. ಗಾಜಿನ ಪ್ಲೇಟು, ಒಂದು ಮೂಲೆ ಮುರಿದಿದೆ.
9. ಫ್ರೇಮಿನೊಳಗೆ ಗಾಜಿಗೇ ಅಂಟಿಕೊಂಡ ದೊಡ್ಡ ಫೋಟೋ.

ಅಟ್ಟದಲ್ಲಿ ಬಿದ್ದಿರುವ ಹಂಚಿನ ಹಿಂಬದಿಯಲ್ಲಿ "ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865" ಅಂತ ಅಚ್ಚಿದೆ. ಹಾಗಾಗಿ 1ನೇ ಫೋಟೋಕ್ಕೆ "ಸುಮಾರು 1865" ಅಂತ ಬರೆಯಬಹುದಾ? 5ರಲ್ಲಿರುವುದು ಇದೇ ಕಟ್ಟಡವಾ ಅಥವಾ ಎದುರಿಗೆ ಇನ್ನೊಂದು ಇತ್ತಾ?

ಹಂಚಿನ ಮಾಡು

1865 ಬರೀಬೇಡಿ ಮಾರಾಯ್ರೆ. ಈ ತಪ್ಪು ಅರ್ಧ ಊರಿನ ಮನೆಗಳಿಗೂ ಅಂಟಿಕೊಂಡಿದೆ. ಅದು ಹಂಚು ಸುಟ್ಟ ವರ್ಷ ಅಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಕಾರ್ಖಾನೆ ಶುರು ಮಾಡಿದ ವರ್ಷ. ಸೋಡಾ ಬಾಟ್ಲಿ ಮೇಲೆ ಕಂಪೆನಿ ಹುಟ್ಟಿದ ಇಸವಿ ಇರ್ತದಲ್ಲ, ಹಾಗೆ. 1900ರಲ್ಲಿ ಒತ್ತಿದ ಹಂಚಿಗೂ ಅದೇ 1865.

ಅಚ್ಚಿನಿಂದ ತಿಳಿಯುವುದು ಎರಡೇ. ಒಂದು, ಆ ಹಂಚು 1865ಕ್ಕಿಂತ ಹಳೇದಲ್ಲ. ಎರಡು, ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತಗೊಂಡು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ "ಬಾಸೆಲ್ ಮಿಷನ್" ಹೆಸರಿದ್ದರೆ ಯುದ್ಧಕ್ಕಿಂತ ಮೊದಲಿನದ್ದು, "ಕಾಮನ್‌ವೆಲ್ತ್" ಇದ್ದರೆ ಆಮೇಲಿನದ್ದು ಅಂತ ಇಟ್ಟುಕೊಳ್ಳಬಹುದು.

ಆದರೆ ಇದೆಲ್ಲ ಹಂಚಿಗೆ, ಮಾಡಿಗೆ ಅಲ್ಲ. ಮಾಡು ಸೋರಿದಾಗೆಲ್ಲ ಹಂಚು ಇಳಿಸಿ, ರೀಪು ಬದಲಿಸಿ, ಒಡೆದದ್ದು ಬಿಟ್ಟು ಉಳಿದದ್ದನ್ನು ಮತ್ತೆ ಏರಿಸ್ತಾರೆ. ಕಡಿಮೆ ಬಿದ್ದರೆ ಬೇರೆ ಕಟ್ಟಡದ ಹಳೇ ಹಂಚು ತರ್ತಾರೆ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹಂಚು ಸಿಗುವುದು ಮಾಮೂಲು. ಅಟ್ಟದಲ್ಲಿ ಬಿದ್ದ ಒಂದು ಹಂಚು ಸಾಕ್ಷಿಯೇ ಅಲ್ಲ. ಒಳಗಿಂದ ಬ್ಯಾಟರಿ ಹಾಕಿ, ಮಾಡಿನ ಬೇರೆ ಬೇರೆ ಜಾಗದಲ್ಲಿ 20 ಹಂಚಿನ ಅಚ್ಚು ಓದಿ ಬರ್ಕೊಳ್ಳಿ. ಯಾವುದು ಹೆಚ್ಚುಂಟು, ಎಲ್ಲಿ ಗುಂಪಾಗಿ ಉಂಟು ಅಂತ ನೋಡಿ. ಜಗಲಿಯ ಮಾಡಿನಲ್ಲಿ ಮಾತ್ರ ಬೇರೆ ಅಚ್ಚು ಸಿಕ್ಕಿದರೆ ಜಗಲಿ ಆಮೇಲೆ ಕಟ್ಟಿದ್ದು ಅನ್ನಲಿಕ್ಕೆ ಬಲ ಬಂತು.

ನೆಗೆಟಿವ್ ಡಬ್ಬಿ

ಕಟ್ಟಡಕ್ಕಿಂತ ಮೊದಲು ಕಾಗದ ನೋಡಿ. 10 ಪಟ್ಟಿನ ಲೂಪ್ (ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಸಾಕು) ಹಿಡಿದು 1ನೇ ಫೋಟೋದ ಬಿಳಿ ಭಾಗ, ಅಂದರೆ ಆಕಾಶದ ಜಾಗ, ನೋಡಿ. ಕಾಗದದ ನಾರು ಕಾಣಿಸಿದರೆ, ಮೇಲೆ ನವಿರಾದ ಬಿರುಕಿನ ಬಲೆ ಇದ್ದರೆ, ಬಿಳುಪು ಹಳದಿಗೆ ತಿರುಗಿದ್ದರೆ ಅದು ಆಲ್ಬುಮೆನ್ ಪ್ರಿಂಟು, ಮೊಟ್ಟೆಯ ಬಿಳಿ ಲೇಪಿಸಿದ ಕಾಗದ. 1850ರಲ್ಲಿ ಬಂದದ್ದು, 1890ರ ದಶಕದ ಕೊನೆಗೆ ಬಹುಮಟ್ಟಿಗೆ ಬಳಕೆ ತಪ್ಪಿತು. ಕಾಗದ ತೀರಾ ತೆಳುವಾದ್ದರಿಂದ ಸುರುಳಿ ಸುತ್ತುತ್ತದೆ, ಅದಕ್ಕೇ ರಟ್ಟಿಗೆ ಅಂಟಿಸುತ್ತಿದ್ದರು.

ನಾರು ಕಾಣದೆ ನುಣುಪಾದ ಬಿಳಿ ಪದರ ಇದ್ದು, ಕಪ್ಪು ಭಾಗದ ಅಂಚಿನಲ್ಲಿ ಓರೆಯಾಗಿ ನೋಡಿದಾಗ ನೀಲಿ-ಬೆಳ್ಳಿ ಹೊಳಪು ಬಂದರೆ ಅದು ಜೆಲಟಿನ್ ಸಿಲ್ವರ್. ಸುಮಾರು 1900ರಿಂದ 1960ರ ದಶಕದವರೆಗೆ ಇದೇ ರಾಜ. ಹಿಂಬದಿಯೂ ಪ್ಲಾಸ್ಟಿಕ್ಕಿನ ಹಾಗೆ ನುಣುಪು ಇದ್ದರೆ ಆರ್‌ಸಿ ಕಾಗದ, 1970ರ ಸುಮಾರಿನ ಈಚೆಗೆ.

ಕಂದು ಬಣ್ಣ ನೋಡಿ ಮಾತ್ರ "ಹಳೇದು" ಅನ್ನಬೇಡಿ. ಸ್ಟುಡಿಯೋದವರು ಕಪ್ಪು-ಬಿಳುಪಿಗೆ ಸೆಪಿಯಾ ಟೋನಿಂಗ್ ಮಾಡಿಕೊಡುತ್ತಿದ್ದರು. ಸರಿಯಾಗಿ ತೊಳೆಯದ ಪ್ರಿಂಟು ಹತ್ತೇ ವರ್ಷಕ್ಕೆ ಕಂದಾಗುವುದೂ ಇದೆ: ಹೈಪೋ (ಚಿತ್ರವನ್ನು ಸ್ಥಿರ ಮಾಡುವ ರಾಸಾಯನಿಕ) ಕಾಗದದಲ್ಲೇ ಉಳಿದು ಬೆಳ್ಳಿಯನ್ನು ತಿನ್ನುತ್ತದೆ.

4, 5, 6ರ ಅಳತೆ ಹೇಳಿ. 2¼ ಇಂಚು ಚೌಕ ಇದ್ದರೆ 120 ಫಿಲ್ಮಿನ ಕಾಂಟಾಕ್ಟ್ ಪ್ರಿಂಟು, ಅಂದರೆ ನೆಗೆಟಿವನ್ನು ನೇರ ಕಾಗದದ ಮೇಲಿಟ್ಟು ತೆಗೆದದ್ದು, ದೊಡ್ಡದು ಮಾಡಿದ್ದಲ್ಲ.

ಕಪಾಟು

ನಾರು ಕಾಣಿಸುತ್ತದೆ, ಬಿರುಕೂ ಇದೆ. ಚೌಕ ಪ್ರಿಂಟುಗಳು ಅಂಚು ಬಿಟ್ಟು ಸರಿಯಾಗಿ 2¼ ಇಂಚು. 4ರ ಹಿಂದೆ ಪೆನ್ಸಿಲಿನಲ್ಲಿ 0-6-0, ರಬ್ಬರ್ ಸ್ಟಾಂಪಿನಲ್ಲಿ ಸ್ಟುಡಿಯೋ ಹೆಸರು, ಕೊನೆಗೆ "ಎಸ್.ಕೆ."

ನೆಗೆಟಿವ್ ಡಬ್ಬಿ

ಹಾಗಿದ್ದರೆ 1ನೇದು ಆಲ್ಬುಮೆನ್. ಹಂಚಿದೆ, ಆದ್ದರಿಂದ 1865ರ ನಂತರ. ಆಲ್ಬುಮೆನ್, ಆದ್ದರಿಂದ ಸುಮಾರು 1900ರೊಳಗೆ. ಇದಕ್ಕಿಂತ ಬಿಗಿ ಮಾಡಲು ಬೇರೆ ಪುರಾವೆ ಬೇಕು.

4ರ ಹಿಂಬದಿ ಬಂಗಾರ. 0-6-0 ಅಂದರೆ ಆರಾಣೆ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು, ಮೂರು ಅಂಕಣದಲ್ಲಿ ಬೆಲೆ ಬರೆಯುವುದು ಅಲ್ಲಿಂದ ನಿಧಾನಕ್ಕೆ ನಿಂತಿತು. "ಎಸ್.ಕೆ." ಅಂದರೆ ಸೌತ್ ಕೆನರಾ. ಪಿನ್ ಕೋಡ್ ಇಲ್ಲ. ಅದು ಬಂದದ್ದು 1972ರ ಆಗಸ್ಟ್ 15ಕ್ಕೆ. ವಿಳಾಸದಲ್ಲಿ ಆರಂಕಿ ಇದ್ದಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಲ್ಲದಿದ್ದರೆ ಏನೂ ಸಾಬೀತಾಗುವುದಿಲ್ಲ, ಹಳೇ ರಬ್ಬರ್ ಸ್ಟಾಂಪನ್ನು 20 ವರ್ಷ ಒತ್ತುವವರಿದ್ದಾರೆ.

ಚೌಕ ಪ್ರಿಂಟನ್ನು ನೋಡಿದ ಕೂಡಲೇ "ಆಗ್ಫಾ ಕ್ಲಿಕ್" ಅಂತ ಹೇಳುವ ಚಟ ಎಲ್ಲರಿಗೂ ಇದೆ. ಬರೋಡಾದಲ್ಲಿ ತಯಾರಾದ ಆ ಕ್ಯಾಮೆರಾ 120 ಫಿಲ್ಮಿನಲ್ಲಿ 12 ಚೌಕ ಚಿತ್ರ ಕೊಡುತ್ತಿದ್ದದ್ದು ನಿಜ. ಆದರೆ 6×6 ಸೆಂ.ಮೀ. ಚೌಕ ತೆಗೆಯುವ ವಿದೇಶಿ ಕ್ಯಾಮೆರಾ ಅದಕ್ಕೂ ಮೊದಲೇ ಬೇಕಾದಷ್ಟಿದ್ದವು.

ಮುರಕಲ್ಲು

4ರಲ್ಲಿ ಕಿಟಕಿ ಮೇಲೆ ನೋಡಿ, 3 ಇಂಚು ದಪ್ಪದ ಚಪ್ಪಟೆ ಚಜ್ಜಾ ಮುಂದೆ ಚಾಚಿದೆ, ಕೆಳಗೆ ಆಸರೆಯ ಬ್ರಾಕೆಟ್ಟಿಲ್ಲ. ಅದು ಆರ್‌ಸಿಸಿ. ಸುಣ್ಣದ ಗಾರೆಯಲ್ಲಿ ಅಷ್ಟು ತೆಳ್ಳಗೆ ಚಾಚಲು ಆಗದು. ಕಲ್ಲಿನ ಹಾಸಾದರೆ ದಪ್ಪ ಕಾಣಬೇಕು, ಮರದ್ದಾದರೆ ಬ್ರಾಕೆಟ್ ಬೇಕು. 3ರಲ್ಲಿ ಅದೇ ಕಿಟಕಿಗಳ ಮೇಲೆ ಕಮಾನು ಮಾತ್ರ ಇದೆ. ಅಂದರೆ 3 ಮೊದಲು, 4 ಆಮೇಲೆ, ಇದರಲ್ಲಿ ಸಂಶಯ ಬೇಡ. ಸಣ್ಣ ಪೇಟೆಯ ಶಾಲೆಗೆ ಸಿಮೆಂಟು-ಕಬ್ಬಿಣದ ಕೆಲಸ 1930ರ ದಶಕಕ್ಕಿಂತ ಮೊದಲು ಬಂದಿರುವ ಸಂಭವ ಕಡಿಮೆ. ಎರಡನೇ ಯುದ್ಧದ ವರ್ಷಗಳಲ್ಲಿ ಎರಡೂ ತುಟ್ಟಿ, ಸಿಗುವುದೂ ಕಷ್ಟ. ಆದ್ದರಿಂದ 4ನ್ನು 1946-57ರ ನಡುವೆ ಇಡುವುದು ನನ್ನ ಅಂದಾಜು.

ಜಾಗಕ್ಕೆ ಹೋದಾಗ ಕಮಾನಿನ ಮೇಲಿನ ಗಿಲಾವನ್ನು ಉಗುರಿನಲ್ಲಿ ಕೆರೆದು ನೋಡಿ. ಸುಣ್ಣವಾದರೆ ಪುಡಿ ಉದುರುತ್ತದೆ, ಬಿಳಿ ಚುಕ್ಕಿ ಕಾಣುತ್ತದೆ. ಸಿಮೆಂಟಾದರೆ ಉಗುರೇ ಸವೆಯುತ್ತದೆ. ಮುರಕಲ್ಲಿನ ಮೇಲೆ ಸಿಮೆಂಟ್ ಗಿಲಾವು ಮಾಡಿದ ಕಡೆ ಹಪ್ಪಳದ ಹಾಗೆ ಎದ್ದಿರುತ್ತದೆ: ಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಸುಣ್ಣ ಅದನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. 7ನೇ ಫೋಟೋದಲ್ಲಿ ಗೋಡೆಯ ಕೆಳಗಿನ ಮೂರಡಿ ಎದ್ದುಬಂದಿರುವುದು ಇದಕ್ಕೇ. ಯಾರೋ ಕೆಳಗೆ ಮಾತ್ರ ಸಿಮೆಂಟ್ ಮೆತ್ತಿದ್ದಾರೆ.

ಪೇಡೆ ನಗರ

ಧಾರವಾಡ ಕಡೆಯಿಂದ ಒಂದು ಮಾತು. ಫೋಟೋದ ಕೆಳಗ ಬರದಿದ್ದನ್ನ ನಂಬಬ್ಯಾಡ್ರಿ. ಕರ್ನಾಟಕ ಕಾಲೇಜಿನ ಕಟ್ಟಡದ್ದ ನೋಡ್ರಿ. ಕಾಲೇಜು ಹುಟ್ಟಿದ್ದು 1917ರಾಗ. ಕಟ್ಟಡ ಅದಕ್ಕಿಂತ ಹಳೇದು, ಸದರ್ನ್ ಮರಾಠಾ ರೈಲ್ವೆ ಆಫೀಸಂತ ಕಟ್ಟಿದ್ದು. 1908ಕ್ಕ ಆ ರೈಲ್ವೆ ಮದ್ರಾಸ್ ರೈಲ್ವೆ ಜೋಡಿ ಕೂಡಿತು, ಆಫೀಸು ಹೋತು, ಕಟ್ಟಡ ಉಳೀತು. ಹಿಂಗಾಗಿ ಆ ಕಟ್ಟಡದ ಫೋಟೋಕ್ಕ "ಕಾಲೇಜು, 1900" ಅಂತ ಬರದ್ರ ಇಸವಿ ಖರೇ ಇರಬಹುದು, ಹೆಸರು ಸುಳ್ಳು. ಕಟ್ಟಡದ ವಯಸ್ಸು ಬ್ಯಾರೆ, ಸಂಸ್ಥೆಯ ವಯಸ್ಸು ಬ್ಯಾರೆ. ಎರಡಕ್ಕೂ ಎರಡು ಅಂಕಣ ಮಾಡ್ರಿ.

ಶಂಕುಸ್ಥಾಪನೆ ಕಲ್ಲಿಂದೂ ಇದೇ ಹಾಡು. ಅಡಿಗಲ್ಲು ಇಟ್ಟ ದಿನ ಒಂದು, ಒಳಗ ಹುಡುಗರು ಕುಂತ ದಿನ ಇನ್ನೊಂದು, ನಡುವ ಮೂರ್ನಾಕು ವರ್ಷ. ಹಳೇ ಕಲ್ಲನ್ನ ಕಿತ್ತು ಹೊಸಾ ಗೋಡಿಗೆ ಕೂಡಿಸಿದ್ದೂ ಇರ್ತಾವು. ಕಲ್ಲಿನ ಸುತ್ತ ಗಾರಿ ಬಣ್ಣ ಬ್ಯಾರೆ ಐತೇನು ನೋಡ್ರಿ.

ಹಂಚಿನ ಮಾಡು

ಸರಿಯಾದ ಮಾತು. ಮಂಗಳೂರಿನ ಅಲೋಶಿಯಸ್ ಕಾಲೇಜು ಕೂಡ 1880ರಲ್ಲಿ ಕೊಡಿಯಾಲಬೈಲಿನ ಬಂಗಲೆಯಲ್ಲಿ ಶುರುವಾದದ್ದು, ಗುಡ್ಡದ ಮೇಲಿನ ಕಟ್ಟಡಕ್ಕೆ ಬಂದದ್ದು ಆಮೇಲೆ. ಅಲ್ಲಿಯ ಚಾಪೆಲ್‌ನ ಒಳಗಿನ ಫೋಟೋಕ್ಕೆ ಇಸವಿ ಹೇಳುವುದು ಮಾತ್ರ ಸುಲಭ. ಗೋಡೆಗಳಿಗೆ ಇಟಲಿಯ ಚಿತ್ರಕಾರ ಮೊಸ್ಕೆನಿ ಚಿತ್ರ ಬರೆದದ್ದು 1899-1901ರಲ್ಲಿ. ಗೋಡೆ ಬರಿದಾಗಿದ್ದರೆ ಅದಕ್ಕಿಂತ ಮೊದಲು. ನಿಮ್ಮ ಶಾಲೆಗೆ ಅಂಥ ಗುರುತು ಸಿಕ್ಕಿದರೆ ಹಬ್ಬ.

ಈಗ 1 ಮತ್ತು 3 ಒಂದೇ ಕಟ್ಟಡವಾ ಅಂತ ಲೆಕ್ಕ ಹಾಕುವ. ಹಂಚಿನ ಸಾಲು ಎಣಿಸಿ. ಮಂಗಳೂರು ಹಂಚು ಸುಮಾರು 41 ಸೆಂ.ಮೀ. ಉದ್ದ, 23½ ಅಗಲ. ಮೇಲಿನದ್ದು ಕೆಳಗಿನದ್ದರ ಮೇಲೆ ಹತ್ತುವುದರಿಂದ ರೀಪಿನಿಂದ ರೀಪಿಗೆ ಸುಮಾರು 32 ಸೆಂ.ಮೀ. ಬೀಳ್ತದೆ, ಹನ್ನೆರಡೂವರೆ ಇಂಚು. 1ರಲ್ಲಿ ನೆತ್ತಿಯಿಂದ ಸೂರಿನವರೆಗೆ 14 ಸಾಲು ಸಿಕ್ಕಿತು ನನಗೆ. 14×32 ಅಂದರೆ ಇಳಿಜಾರಿನ ಉದ್ದ ನಾಲ್ಕೂವರೆ ಮೀಟರ್. ಗೋಡೆಯ ತ್ರಿಕೋನದಲ್ಲಿ ಕೋನ ಅಳೆದರೆ 30 ಡಿಗ್ರಿ ಹತ್ತಿರ. ಅಡ್ಡಳತೆ ಒಂದು ಬದಿಗೆ 3.9 ಮೀಟರ್, ಎರಡೂ ಸೇರಿ 7.8, ಅಂದರೆ ಇಪ್ಪತ್ತೈದೂವರೆ ಅಡಿ. ಎರಡೂ ಕಡೆ ಎರಡೆರಡು ಅಡಿ ಸೂರು ಕಳೆಯಿರಿ. ಗೋಡೆಯ ಹೊರಮೈಯಿಂದ ಹೊರಮೈಗೆ 21-22 ಅಡಿ ಬರಬೇಕು. ಟೇಪು ಹಿಡಿದು ನೋಡಿ.

3ರಲ್ಲಿಯೂ ಮೇಲಿನ ಮಾಡು 14 ಸಾಲೇ. ಅದರ ಕೆಳಗೆ, ಬೇರೆ ಇಳಿಜಾರಿನಲ್ಲಿ 6 ಸಾಲು, ಅದು ಜಗಲಿ. 6×32 ಅಂದರೆ 1.9 ಮೀಟರ್, ಆರಡಿ ಜಗಲಿ. ಪಕ್ಕಾಸು (ಮಾಡಿನ ಇಳಿಜಾರು ಮರ) ಬದಲಿಸದೆ ಮುಂದೆ ಕಂಬ ನಿಲ್ಲಿಸಿ ಜೋಡಿಸಿದ್ದಾರೆ. ಕಟ್ಟಡ ಒಂದೇ.

ಒಂದು ಎಚ್ಚರಿಕೆ: ಸಾಲನ್ನು ತ್ರಿಕೋನ ಗೋಡೆಯ ಅಂಚಿನಲ್ಲೇ ಎಣಿಸಿ. ನಡುವೆ ಎಣಿಸಿದರೆ ನೆರಳಿನಲ್ಲಿ ಎರಡು ಸಾಲು ಒಂದಾಗಿ ಕಾಣ್ತದೆ. ನೆತ್ತಿಯ ಹಂಚು ಮೊದಲ ಸಾಲನ್ನು ಅರ್ಧ ಮುಚ್ಚಿರ್ತದೆ, ಅದನ್ನೂ ಎಣಿಸಬೇಕು.

ಕಪಾಟು

ಅಳೆದೆ. ಹೊರಮೈ 21 ಅಡಿ 8 ಇಂಚು.

ಹಂಚಿನ ಮಾಡು

ಮತ್ತೆ!

ಚುಕ್ಕಿ

5ರಲ್ಲಿ ಎರಡನೇ ಕಟ್ಟಡ ಏನೂ ಇಲ್ಲ. ಪ್ರಿಂಟು ಉಲ್ಟಾ ಆಗಿದೆ. ನೆಗೆಟಿವನ್ನು ತಿರುಗಿಸಿ ಇಟ್ಟು ಕಾಂಟಾಕ್ಟ್ ತೆಗೆದಿದ್ದಾರೆ. ಜಗಲಿಯಲ್ಲಿ ನಿಂತ ಇಬ್ಬರ ಅಂಗಿ ಜೇಬು ನೋಡಿ, ಬಲ ಎದೆಯ ಮೇಲಿದೆ. ಒಬ್ಬರದ್ದಾದರೆ ದರ್ಜಿಯ ತಪ್ಪು ಅನ್ನಬಹುದು, ಇಬ್ಬರದ್ದೂ ಹಾಗೇ ಇದೆ. ಗಂಡಸರ ಅಂಗಿಯ ಗುಂಡಿಪಟ್ಟಿ ಎಡದ್ದು ಮೇಲೆ ಬರಬೇಕು, ಇಲ್ಲಿ ಬಲದ್ದು ಮೇಲಿದೆ. ಫೋನಿನಲ್ಲಿ ಕನ್ನಡಿ-ತಿರುವು ಮಾಡಿದರೆ ಗಂಟೆ ಬಲಕ್ಕೆ ಬರುತ್ತದೆ, ಮೆಟ್ಟಿಲೂ 3ಕ್ಕೆ ಸರಿಹೊಂದುತ್ತದೆ.

ಸೀರೆಯ ಸೆರಗನ್ನು ಈ ಪರೀಕ್ಷೆಗೆ ಬಳಸಬೇಡಿ, ಉಡುವ ಕ್ರಮ ಜಾತಿ-ಊರಿಗೆ ಬೇರೆ. ಬೋರ್ಡು, ಸ್ಲೇಟು, ಗಡಿಯಾರ, ಜೇಬು ಮಾತ್ರ ನಂಬಿಕೆಗೆ ಯೋಗ್ಯ.

ತಿರುಗಿಸಿದ ಪ್ರತಿಯನ್ನು ಬೇರೆ ಫೈಲಾಗಿ ಇಡಿ. ಮೂಲ ಸ್ಕ್ಯಾನು ಉಲ್ಟಾ ಇದ್ದ ಹಾಗೇ ಇರಲಿ, ಪ್ರಿಂಟು ಇರುವುದೇ ಹಾಗಲ್ಲವಾ.

ಪೇಡೆ ನಗರ

ರೈಲು ಕಂಬಿ ಗಂಟಿ ಅಂದ್ರ 1907ರ ನಂತರ ಅಲ್ಲೇನು? ಮಂಗಳೂರಿಗೆ ರೈಲು ಬಂದಿದ್ದು ಆವಾಗ.

ಹಂಚಿನ ಮಾಡು

ಮಂಗಳೂರಿಗೆ ರೈಲು 1907ಕ್ಕೆ ಬಂದದ್ದು ಹೌದು. ಆದರೆ ಕಂಬಿ ತುಂಡು ಹಡಗಿನಲ್ಲಿ, ಗಾಡಿಯಲ್ಲಿ ಹೇಗೂ ಬರ್ತದೆ. ಹಂಚಿನ ಕಾರ್ಖಾನೆಗಳ ಒಳಗೆ ಮಣ್ಣು ಸಾಗಿಸುವ ಟ್ರಾಲಿ ಕಂಬಿಯೂ ಇರ್ತಿತ್ತು. ಕಂಬಿಯ ಎತ್ತರ ಅಳೆದು, ಸೊಂಟದ ಮೇಲೆ ಉಬ್ಬಕ್ಷರ ಉಂಟಾ ನೋಡಿ. ಗಿರಣಿಯ ಹೆಸರು, ವರ್ಷ ಎರಡೂ ಒತ್ತಿರ್ತಾರೆ. ಹಂಚಿನ ಹಾಗಲ್ಲ, ಕಂಬಿಯಲ್ಲಿ ಇರುವುದು ಅದನ್ನು ತಯಾರಿಸಿದ ವರ್ಷವೇ.

ನೆಗೆಟಿವ್ ಡಬ್ಬಿ

3ರ ಹಿಂಬದಿಯಲ್ಲಿ ಸ್ಟಾಂಪ್ ಅಂಟಿಸುವ ಚೌಕದ ಸುತ್ತ "ಅಜೋ" (ಫೋಟೋ ಕಾಗದದ ಹೆಸರು) ಅಂತ ಕಾಣಿಸುತ್ತಿದೆ, ನಾಲ್ಕು ಮೂಲೆಯಲ್ಲಿ ತ್ರಿಕೋನ. ನಾಲ್ಕೂ ಮೇಲ್ಮುಖವಾದರೆ 1904-18, ಎರಡು ಮೇಲೆ ಎರಡು ಕೆಳಗೆ ಮುಖ ಮಾಡಿದ್ದರೆ 1918-30 ಅಂತ ಸಂಗ್ರಾಹಕರ ಲೆಕ್ಕ. ಇದು ಅಮೆರಿಕದಲ್ಲಿ ಮಾಡಿದ ಪಟ್ಟಿ. ಕಾಗದ ತಯಾರಾದ ಕಾಲ ಗೊತ್ತಾಗುತ್ತದೆ, ಇಲ್ಲಿಯ ಅಂಗಡಿಯ ಕಪಾಟಿನಲ್ಲಿ ಎಷ್ಟು ವರ್ಷ ಕೂತಿತ್ತು ಅನ್ನುವುದಲ್ಲ. ಮೇಲಿನ ಮಿತಿಗೆ ಐದಾರು ವರ್ಷ ಸೇರಿಸಿಕೊಳ್ಳಿ. ಅಂಚೆಗೆ ಹಾಕಿದ ಕಾರ್ಡಾದರೆ ಮುದ್ರೆಯ ತಾರೀಕು ಕೊನೆಯ ಮಿತಿ.

8ರ ಗಾಜಿನ ಪ್ಲೇಟು: 4¾×6½ ಅಂದರೆ ಹಾಫ್ ಪ್ಲೇಟು. ಹೊಳೆಯುವ ಬದಿ ಬರೀ ಗಾಜು, ಮಂಕಾದ ಬದಿ ಜೆಲಟಿನ್. ಮಂಕು ಬದಿಗೆ ಬೆರಳು, ನೀರು, ಸ್ಪಿರಿಟ್ ಯಾವುದೂ ತಾಗಬಾರದು. ನೈಟ್ರೈಲ್ ಕೈಗವಸು ಹಾಕಿ ಅಂಚಿನಲ್ಲಿ ಹಿಡಿಯಿರಿ. ಹತ್ತಿಯ ಕೈಗವಸು ಬೇಡ, ಜಾರುತ್ತದೆ. ಮುರಿದ ಮೂಲೆಯನ್ನು ಟೇಪಿನಿಂದ, ಫೆವಿಕ್ವಿಕ್‌ನಿಂದ ಅಂಟಿಸಬೇಡಿ. ಎರಡು ತುಂಡಿಗೂ ಬೇರೆ ಕಾಗದದ ಲಕೋಟೆ. ಸ್ಕ್ಯಾನರಿನ ಗಾಜಿನ ಮೇಲೆ ತೆಳು ರಟ್ಟಿನ ಚೌಕಟ್ಟು ಇಟ್ಟು ಅದರ ಮೇಲೆ ಪ್ಲೇಟು ಇಡಿ, ಗಾಜಿಗೆ ಗಾಜು ಒತ್ತಿದರೆ ಕಾಮನಬಿಲ್ಲಿನ ಉಂಗುರ ಬರುತ್ತದೆ. ಮುಚ್ಚಳದಲ್ಲಿ ದೀಪ ಇರುವ, ನೆಗೆಟಿವ್ ಓದುವ ಸ್ಕ್ಯಾನರೇ ಬೇಕು. ಇಲ್ಲದಿದ್ದರೆ ಬಿಳಿ ಪರದೆಯ ಟ್ಯಾಬ್ಲೆಟ್ಟಿನ ಮೇಲೆ, ನಡುವೆ ಒಂದಿಂಚು ಜಾಗ ಬಿಟ್ಟು ಪ್ಲೇಟು ಆನಿಸಿ ಕ್ಯಾಮೆರಾದಲ್ಲಿ ತೆಗೆಯಿರಿ. ಅಂತರ ಬಿಡದಿದ್ದರೆ ಪರದೆಯ ಚುಕ್ಕಿಗಳೂ ಚಿತ್ರದಲ್ಲಿ ಬರುತ್ತವೆ. ಪ್ಲೇಟನ್ನು ಮಲಗಿಸಿ ಪೇರಿಸಬೇಡಿ, ಉದ್ದದ ಅಂಚಿನ ಮೇಲೆ ನಿಲ್ಲಿಸಿಡಿ.

9: ಗಾಜಿನಿಂದ ಬಿಡಿಸಲು ಹೋಗಲೇಬೇಡಿ. ಮಳೆಗಾಲದಲ್ಲಿ ಜೆಲಟಿನ್ ಮೆತ್ತಗಾಗಿ ಗಾಜನ್ನು ಹಿಡಿದಿದೆ. ಎಳೆದರೆ ಮುಖಗಳು ಗಾಜಿನ ಮೇಲೆ ಉಳಿಯುತ್ತವೆ, ಕೈಗೆ ಬಿಳಿ ಕಾಗದ ಬರುತ್ತದೆ. ಗಾಜಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ ಗಾಜಿನ ಮೂಲಕವೇ ಸ್ಕ್ಯಾನ್ ಮಾಡಿ.

ಉಳಿದ ಪ್ರಿಂಟುಗಳಿಗೆ:

- 1 ಮತ್ತು 2: 600 ಪಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ). 6½×8½ ಇಂಚಿಗೆ 3900×5100 ಚುಕ್ಕಿ, 24-ಬಿಟ್ ಟಿಫ್ ಸುಮಾರು 60 ಎಂಬಿ, 48-ಬಿಟ್ ಆದರೆ 120.
- 4, 5, 6: 1200 ಪಿಪಿಐ. ಕಾಂಟಾಕ್ಟ್ ಪ್ರಿಂಟಿನಲ್ಲಿ ಕಣ್ಣಿಗೆ ಕಾಣದ್ದೂ ಇರುತ್ತದೆ, ಮುರಕಲ್ಲು ನೋಡಿದ ಚಜ್ಜಾ ಅಂಥದ್ದು.
- ಕಪ್ಪು-ಬಿಳುಪಾದರೂ ಕಲರ್‌ನಲ್ಲೇ. ಗ್ರೇ ಮಾಡಿದರೆ ಕಂದು, ಬೆಳ್ಳಿ ಹೊಳಪು, ಶಾಯಿ ಎಲ್ಲ ಹೋಗುತ್ತದೆ.
- ಅಂಚು, ರಟ್ಟು, ಹಿಂಬದಿ ಎಲ್ಲ ಸೇರಿಸಿ. ಖಾಲಿ ಹಿಂಬದಿಯನ್ನೂ.
- ಸ್ಕ್ಯಾನರಿನ ಆಟೋ ಶಾರ್ಪ್, ಧೂಳು ತೆಗೆಯುವುದು, ಬಣ್ಣ ಸರಿಪಡಿಸುವುದು ಮೂರೂ ಬಂದ್.

7 ಕೆಂಪಾದದ್ದಕ್ಕೆ ಕಾರಣ, ಆ ಕಾಲದ ಕಲರ್ ಕಾಗದದಲ್ಲಿ ಹಸಿರುನೀಲಿ ವರ್ಣದ್ರವ್ಯ ಕತ್ತಲಲ್ಲಿಟ್ಟರೂ ಮೊದಲು ಸಾಯುತ್ತದೆ. ಸರಿಪಡಿಸುವುದನ್ನು ಪ್ರತಿಯ ಮೇಲೆ ಮಾಡಿ.

ಚುಕ್ಕಿ

ಒಂದು ಸೇರಿಸುತ್ತೇನೆ. ಫೋನಿನ "ಎಐ ಸ್ಪಷ್ಟಗೊಳಿಸು" ಒತ್ತಬೇಡಿ. 2ನೇ ಫೋಟೋದ ಒಂದು ಅಂಥ ಪ್ರತಿ ಮೇಲೆ ಯಾರೋ ಹಾಕಿದ್ದಾರೆ. ಮೂಲದಲ್ಲಿ ಹಿಂದಿನ ಸಾಲಿನ ಮುಖಗಳು ಬಟಾಣಿಕಾಳಿನಷ್ಟು, ಮಸುಕು. ಪ್ರತಿಯಲ್ಲಿ ಪ್ರತಿಯೊಬ್ಬನಿಗೂ ರೆಪ್ಪೆ ಬಂದಿದೆ, ಎಲ್ಲರೂ ಅಣ್ಣ-ತಮ್ಮಂದಿರ ಹಾಗಿದ್ದಾರೆ. ಸ್ಲೇಟಿನ 8 ಅಲ್ಲಿ 6ರಂತೆ ಕಾಣುತ್ತಿದೆ. ನಾಳೆ ಒಬ್ಬರು ಅದನ್ನೇ ನೋಡಿ 1936 ಅಂತ ಬರೆಯುತ್ತಾರೆ.

ಮಳೆಗಾಲ

ಇಡುವ ವಿಷಯ ಯಾರೂ ಹೇಳಲಿಲ್ಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶತ್ರು ಬೂಷ್ಟು. ಗಾಳಿಯ ತೇವಾಂಶ 65-70 ಶೇಕಡ ದಾಟಿದರೆ ಅದು ಹುಟ್ಟುತ್ತದೆ, ನಮ್ಮಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಮೇಲೆ. ಹೊರಗೋಡೆಗೆ ತಾಗಿದ ಕಬ್ಬಿಣದ ಬೀರು ಅತಿ ಕೆಟ್ಟ ಜಾಗ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ₹300-400ರ ತೇವಮಾಪಕ ಒಂದು. ಒಣ ದಿನ ನೋಡಿ ಮುಚ್ಚಬೇಕು. ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ, ತಣ್ಣಗಾದ ಮೇಲೆ ಹಾಕಿ (ಆ ಬಾಣಲೆ ಅಡುಗೆಗೆ ಬೇಡ). ನುಸಿಗುಳಿಗೆ ಬೇಡ. ಲ್ಯಾಮಿನೇಶನ್ ಅಂತೂ ಫೋಟೋಕ್ಕೆ ಸಮಾಧಿ. ಹಿಂಬದಿ ಬರೆಯಲು 4ಬಿ ಪೆನ್ಸಿಲು, ಅಂಚಿನಲ್ಲಿ, ಗಟ್ಟಿ ಗಾಜಿನ ಮೇಲೆ ಮಗುಚಿಟ್ಟು ಮೆಲ್ಲಗೆ.

ಬೆಂಚಿನ ಮೂಲೆ

ಫೋಟೋ ತೋರಿಸಿ ಹಳೇ ವಿದ್ಯಾರ್ಥಿಗಳ ಹತ್ತಿರ "ಇದು ಯಾವ ವರ್ಷ" ಅಂತ ಕೇಳುವುದು ಎಲ್ಲರೂ ಮಾಡುವ ತಪ್ಪು. ಇಸವಿ ಯಾರಿಗೂ ನೆನಪಿರುವುದಿಲ್ಲ, ಮರ್ಯಾದೆಗೆ ಒಂದು ಹೇಳಿಬಿಡುತ್ತಾರೆ. ಕ್ಲಾಸು ಕೇಳಿ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಓದಿದವರು "ಫೋರ್ತ್ ಫಾರ್ಮಿನಲ್ಲಿದ್ದಾಗ ಈ ಜಗಲಿಯಲ್ಲಿ ಕೂತಿದ್ದೆವು" ಅನ್ನುತ್ತಾರೆ. ಫಸ್ಟ್ ಫಾರ್ಮ್ ಅಂದರೆ ಆರನೇ ಕ್ಲಾಸು, ಫೋರ್ತ್ ಅಂದರೆ ಒಂಬತ್ತು, ಸಿಕ್ಸ್ತ್ ಫಾರ್ಮ್ ಎಸ್ಸೆಸ್ಸೆಲ್ಸಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರು ಸೇರಿದ ವರ್ಷ ಸಿಕ್ಕಿದರೆ ಲೆಕ್ಕ ತಾನಾಗಿ ಬರುತ್ತದೆ. ಮುಂಬೈ ಪ್ರಾಂತ್ಯದ ಕಡೆಯವರು ಮುಲ್ಕಿ ಪರೀಕ್ಷೆ, ಮ್ಯಾಟ್ರಿಕ್ ಅನ್ನುತ್ತಾರೆ, ಹಳೇ ಮೈಸೂರಿನವರು ಎ.ವಿ. (ಆಂಗ್ಲೋ-ವರ್ನಾಕ್ಯುಲರ್) ಸ್ಕೂಲು, ಲೋವರ್ ಸೆಕೆಂಡರಿ. ಪದ ಕೇಳಿದರೇ ಯಾವ ಆಡಳಿತದಲ್ಲಿ ಓದಿದವರು ಅಂತ ಗೊತ್ತಾಗುತ್ತದೆ.

ಫೋಟೋವನ್ನು ಕೊನೆಗೆ ತೋರಿಸಿ. ಮೊದಲು ಒಂದು ಖಾಲಿ ನಕ್ಷೆ ಕೊಡಿ: ಗ್ರಾಫ್ ಹಾಳೆಯಲ್ಲಿ ಒಂದು ಚೌಕಕ್ಕೆ 2 ಅಡಿ, ಹೊರಗೋಡೆ ಮಾತ್ರ. ಹೆಡ್‌ಮಾಸ್ಟರ ಕೋಣೆಯ ಬಾಗಿಲು ಯಾವ ಕಡೆಗೆ, ಗಂಟೆ ಎಲ್ಲಿ, ಕುಡಿಯುವ ನೀರಿನ ಹಂಡೆ ಎಲ್ಲಿ, ಮಳೆ ಬಂದಾಗ ಎಲ್ಲಿ ಸೋರುತ್ತಿತ್ತು, ಇಷ್ಟು ಕೇಳಿ. ಸೋರುವ ಜಾಗ ಯಾರೂ ಮರೆಯುವುದಿಲ್ಲ. ಸಾಮಾನ್ಯವಾಗಿ ಅದು ಎರಡು ಮಾಡು ಕೂಡುವ ಕಣಿವೆ, ಅಂದರೆ ಆಮೇಲೆ ಸೇರಿಸಿದ ಭಾಗ ಎಲ್ಲಿ ಶುರುವಾಗುತ್ತದೆ ಅನ್ನುವುದರ ಗುರುತು. ಫೋಟೋ ಮೊದಲು ತೋರಿಸಿದರೆ ಅವರು ಫೋಟೋದಲ್ಲಿ ಇದ್ದದ್ದನ್ನೇ ನೆನಪು ಅಂತ ಹೇಳುತ್ತಾರೆ.

ಕಾಲಕ್ಕೆ ಗೂಟ ಹೊಡೆಯಲು ಊರಿಗೇ ಗೊತ್ತಿರುವ ಘಟನೆ ಹಿಡಿಯಿರಿ. ನೇತ್ರಾವತಿ ಬದಿಯ ಊರಾದರೆ 74ರ ನೆರೆ. ತೀರಾ ಹಿರಿಯರ ಮಾತಿನಲ್ಲಿ 23ರ ನೆರೆ ಅವರ ಹಿಂದಿನವರಿಂದ ಬಂದಿರುತ್ತದೆ. ಧ್ವಜಸ್ತಂಭ 47ಕ್ಕೆ ಮೊದಲೇ ಇತ್ತಾ, 56ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೋರ್ಡು ಬದಲಾಯ್ತಾ. 7ರಲ್ಲಿ "ಕರ್ನಾಟಕ ಸರ್ಕಾರ" ಅಂತ ಓದಲು ಸಾಧ್ಯ, ಅಂದರೆ 1973ರ ನವೆಂಬರ್ 1ರ ಈಚೆಗೆ. "ಮೈಸೂರು ರಾಜ್ಯ" ಇದ್ದಿದ್ದರೆ 56-73ರ ನಡುವೆ ಕೂತುಬಿಡುತ್ತಿತ್ತು.

ಮುರಕಲ್ಲು

ದಾಖಲೆ ಹುಡುಕುವವರಿಗೆ ದಾರಿ: ಕುಂದಾಪುರ-ಉಡುಪಿ-ಮಂಗಳೂರು ಕಡೆಯ ಶಾಲೆಯಾದರೆ 1956ರ ಹಿಂದಿನ ಸರಕಾರಿ ಕಡತ ಚೆನ್ನೈಯ ಎಗ್ಮೋರಿನ ಆರ್ಕೈವ್ಸಿನಲ್ಲಿ ಕೇಳಬೇಕು. ಹೊನ್ನಾವರ-ಕುಮಟಾ-ಕಾರವಾರವಾದರೆ ಮುಂಬೈ, ಉತ್ತರ ಕನ್ನಡ 1862ರಲ್ಲೇ ಆ ಪ್ರಾಂತ್ಯಕ್ಕೆ ಹೋಯಿತು. ಬೆಂಗಳೂರಿನಲ್ಲಿ ಹುಡುಕಿ ಸಿಗಲಿಲ್ಲ ಅಂತ ಬಿಟ್ಟವರು ಬಹಳ. ಮಿಷನ್ ಕಾಲಕ್ಕೆ ಬಾಸೆಲಿನ ಮಿಷನ್ ಆರ್ಕೈವ್ಸ್ ತನ್ನ ಫೋಟೋಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಇಂಗ್ಲಿಷಿನಲ್ಲಷ್ಟೇ ಹುಡುಕಬೇಡಿ. ಮೂಲ ಶೀರ್ಷಿಕೆ ಜರ್ಮನ್: ಶಾಲೆಗೆ "ಶೂಲೆ", ಹುಡುಗರ ಶಾಲೆಗೆ "ಕ್ನಾಬೆನ್‌ಶೂಲೆ". ಊರಿನ ಹೆಸರನ್ನೂ ಹಳೇ ಕಾಗುಣಿತದಲ್ಲಿ ಹಾಕಿ. ಅಲ್ಲಿ ಕೊಟ್ಟ ಎರಡು ತಾರೀಕು ಫೋಟೋ ತೆಗೆದ ದಿನವಲ್ಲ, ಇಂಥದ್ದರಿಂದ ಇಂಥದ್ದರೊಳಗೆ ಅನ್ನುವ ಮಿತಿ.

ಕಪಾಟು

ಶೀರ್ಷಿಕೆ ಹೀಗೆ ಬದಲಿಸಿದ್ದೇನೆ:

1: ಮಿಷನ್ ಶಾಲೆ, ಜಗಲಿಗೆ ಮೊದಲು. 1865-1900.
2: 1938.
3: ಜಗಲಿ ಸೇರಿದ ಮೇಲೆ. ತ್ರಿಕೋನ ಎರಡು ಮೇಲೆ, ಎರಡು ಕೆಳಗೆ, 1918-1935.
4, 5: ಚಜ್ಜಾ ಬಂದ ಮೇಲೆ. 1946-57. 5 ಉಲ್ಟಾ ಪ್ರಿಂಟು.
6: ಒಳಗಿನ ಚಿತ್ರ, 4ರ ಜೊತೆಯದ್ದೇ ಲಕೋಟೆಯಲ್ಲಿತ್ತು. ಇಸವಿ ಹಾಕಿಲ್ಲ.
7: 1973ರ ನಂತರ.
8, 9: ಸ್ಕ್ಯಾನ್ ಆದ ಮೇಲೆ.

ಬೆಂಚಿನ ಮೂಲೆ

2ಕ್ಕೆ 1938 ಹಾಕಬೇಡಿ. ಸ್ಲೇಟಿನಲ್ಲಿ 1938-39 ಅಂತ ಇದೆ, ಜೂನ್‌ನಲ್ಲಿ ಶುರುವಾಗುವ ಶಾಲಾ ವರ್ಷ ಅದು. ಮೇಷ್ಟ್ರುಗಳೆಲ್ಲ ನಡುವೆ ಕೂತು, ಕೊರಳಿಗೆ ಹಾರ ಹಾಕಿಕೊಂಡಿದ್ದಾರೆ. ದೊಡ್ಡ ಹುಡುಗರು ಮಾತ್ರ ಇದ್ದಾರೆ. ಬೀಳ್ಕೊಡುಗೆಯ ಗ್ರೂಪ್ ಫೋಟೋ ಇದು, ಪರೀಕ್ಷೆಗೆ ಮುಂಚೆ ತೆಗೆಸುವುದು. 1939ರ ಮೊದಲ ತಿಂಗಳುಗಳಿರಬೇಕು. "1938-39ರ ಶಾಲಾ ವರ್ಷ" ಅಂತಲೇ ಬರೆಯಿರಿ, ಸ್ಲೇಟಿನಲ್ಲಿದ್ದ ಹಾಗೆ.